ಚಹಾದಂಗಡಿಯಲ್ಲಿ ದೇಶದ ಮಾತು ಬೇಡ

ನಮ್ಮ ಹಾವೇರಿ ಕಡೆ ಅದು ಚಹಾ. ಬೆಂಗಳೂರಿಗೆ ಬಂದರೆ ಟೀ. ಕರಾವಳಿಯ ಗೆಳೆಯರಿಗೆ ಚಾ. ಈ ಮೂರೂ ಹೆಸರಿನ ಬೇರು ಚೀನಾದಲ್ಲಿದೆ. ಒಂದೇ ಲಿಪಿಚಿಹ್ನೆಯನ್ನು ಅಲ್ಲಿ ಹೆಚ್ಚಿನ ಜನ ‘ಚಾ’ ಅಂತ ಓದುತ್ತಾರೆ, ಫುಜಿಯಾನ್ ಕರಾವಳಿಯವರು ‘ತೆ’ ಅಂತಾರೆ. ಡಚ್ಚರ ಹಡಗು ಹತ್ತಿದ ‘ತೆ’ ಮುಂದೆ ಇಂಗ್ಲಿಷಿನಲ್ಲಿ ಟೀ ಆಯ್ತು. ‘ಚಾ’ ವ್ಯಾಪಾರಿಗಳ ಒಂಟೆ, ಕುದುರೆಗಳ ಜೊತೆ ನಡೆದು ಹೊರಟಿತು, ಪೋರ್ಚುಗೀಸರ ಬಾಯಿಗೂ ಅದೇ ಹತ್ತಿತು.

ಹೆಸರು ಬಂತು, ಎಲೆ ಬಂತು. ಆದರೆ ಅದನ್ನು ಕುಡಿಯೋ ಪದ್ಧತಿ ಮಾತ್ರ ಅಲ್ಲೇ ಉಳಿಯಿತು. ಅಸ್ಸಾಮಿನಲ್ಲಿ 1930ರ ದಶಕದಲ್ಲಿ ಬಂದ ಸಿಟಿಸಿ ಯಂತ್ರ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿ ಸಣ್ಣ ಕಾಳಾಗಿಸಿತು. ಎರಡು ನಿಮಿಷ ಕುದಿಸಿದರೆ ಸಾಕು, ಹಾಲು ಹಾಕಿದರೂ ಬಣ್ಣ ಕೆಡಲ್ಲ. ನಿಂತುಕೊಂಡೇ ಕುಡಿದು ಹೋಗುವ ನಮ್ಮ ಅಂಗಡಿಗಳಿಗೆ ಹೇಳಿ ಮಾಡಿಸಿದ ಹಾಗಿತ್ತು.

ಇಡೀ ಎಲೆಯ ಕತೆ ಬೇರೆ. ಟ್ಯಾಂಗ್ ಕಾಲದಲ್ಲಿ ಎಲೆಯನ್ನು ಬಿಲ್ಲೆ ತಟ್ಟಿ ಒಣಗಿಸಿ, ಪುಡಿ ಮಾಡಿ, ಉಪ್ಪು ಹಾಕಿ ಕುದಿಸುತ್ತಿದ್ದರು. ಸಾಂಗ್ ಕಾಲದಲ್ಲಿ ನುಣ್ಣನೆ ಪುಡಿಗೆ ಬಿಸಿನೀರು ಸುರಿದು ಕಡೆದು ನೊರೆ ಬರಿಸುತ್ತಿದ್ದರು. ಅರಮನೆಗೆ ಕಪ್ಪವಾಗಿ ಹೋಗುತ್ತಿದ್ದ ಆ ಬಿಲ್ಲೆಗಳನ್ನು ತಯಾರಿಸೋದು ಜನರ ಬೆನ್ನು ಮುರಿಯುವ ಕೆಲಸ. 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿ ಹಾಂಗ್‌ವು ಆ ಬಿಲ್ಲೆಗಳನ್ನು ನಿಲ್ಲಿಸಿ, ಬಿಡಿ ಎಲೆಯನ್ನೇ ಕಳಿಸಿ ಅಂತ ಆಜ್ಞೆ ಮಾಡಿದ. ಆತ ಹುಟ್ಟಿದ್ದು ಕಡುಬಡ ರೈತನ ಮನೆಯಲ್ಲಿ. ದುಡಿಯೋರ ಕಷ್ಟ ಗೊತ್ತಿದ್ದವನು. ಇವತ್ತು ದುಬಾರಿ ಡಬ್ಬಿಯಲ್ಲಿ ಸಿಗುವ ಬಿಡಿ ಎಲೆಯ ಹಿಂದೆ ಹೀಗೊಂದು ರೈತರ ಲೆಕ್ಕಾಚಾರವಿದೆ.

ಈ ಬಿಡಿ ಎಲೆಯ ಜೊತೆ ಕೂರೋದು ಹೇಗೆ ಅಂತ ನೋಡಬೇಕಾದರೆ ಸಿಚುವಾನ್ ಪ್ರಾಂತ್ಯದ ಚೆಂಗ್ಡುಗೆ ಹೋಗಬೇಕು. ಕಂಪನಿ ಕೆಲಸಕ್ಕೆ ಹೋಗಿದ್ದಾಗ ಒಂದು ಭಾನುವಾರ ಅಲ್ಲಿನ ಪೀಪಲ್ಸ್ ಪಾರ್ಕಿನ ಹೆಮಿಂಗ್ ಚಹಾಮನೆಯಲ್ಲಿ ಕೂತಿದ್ದೆ. 1923ರಲ್ಲಿ ಶುರುವಾದದ್ದು. ಬಿದಿರಿನ ಕುರ್ಚಿ, ತಟ್ಟೆ ಮತ್ತು ಮುಚ್ಚಳ ಇರುವ ಬಟ್ಟಲು. ಮಲ್ಲಿಗೆಯ ಪರಿಮಳದ ಹಸಿರು ಚಹಾ ಮೊದಲ ಸುತ್ತಿನಲ್ಲಿ ಬರೀ ಹೂವಿನ ವಾಸನೆ, ಎರಡನೇ ಸಲ ನೀರು ಹಾಕಿಸಿದಾಗ ಎಲೆಯ ಒಗರು. ಎಮೈ ಬೆಟ್ಟದ ಝುಯೆಚಿಂಗ್ ತಗೊಂಡರೆ ಎಳೆ ಕುಡಿಗಳು ಗಾಜಿನ ಲೋಟದಲ್ಲಿ ನೆಟ್ಟಗೆ ನಿಲ್ಲುತ್ತವೆ, ಸಸಿಮಡಿಯಲ್ಲಿ ಭತ್ತದ ಪೈರು ನಿಂತ ಹಾಗೆ. ಒಂದು ಸಲ ದುಡ್ಡು ಕೊಟ್ಟರೆ ಸಾಕು, ನೀರು ಹಾಕ್ತಾನೇ ಇರುತ್ತಾರೆ. ಎದ್ದು ಹೋಗಿ ಅಂತ ಯಾರೂ ಹೇಳಲ್ಲ.

ಇತಿಹಾಸಕಾರ ವಾಂಗ್ ಡಿ ಈ ಚಹಾಮನೆಗಳ ಮೇಲೆ ಎರಡು ದಪ್ಪ ಪುಸ್ತಕ ಬರೆದಿದ್ದಾರೆ. 1909ರ ಹೊತ್ತಿಗೆ ಊರಿನಲ್ಲಿ 516 ಬೀದಿ, 454 ಚಹಾಮನೆ! ಕಾರಣ ಬರೀ ಶೋಕಿ ಅಲ್ಲ. ಬಾವಿ ನೀರು ಉಪ್ಪುಪ್ಪು, ಸೌದೆ ತುಟ್ಟಿ. ಚಹಾಮನೆಯವರು ನದಿ ನೀರು ತರಿಸಿ ಕಾಯಿಸುತ್ತಿದ್ದರು, ಸುತ್ತಲಿನ ಮನೆಯವರು ಅಲ್ಲಿಂದಲೇ ಬಿಸಿನೀರು ಕೊಳ್ಳುತ್ತಿದ್ದರು. ಜಗಳ ಆದರೆ ಎರಡೂ ಕಡೆಯವರು ಅಲ್ಲಿಗೇ ಬರೋರು, ಹಿರಿಯರು ಕೇಳಿ ತೀರ್ಪು ಕೊಡೋರು, ಸೋತವನು ಎಲ್ಲರ ಚಹಾದ ದುಡ್ಡು ಕೊಡಬೇಕು. ನಮ್ಮೂರ ಪಂಚಾಯ್ತಿ ಕಟ್ಟೆಯೇ, ಬಿಲ್ ಒಂದು ಹೆಚ್ಚು ಅಷ್ಟೆ. ಹೆಮಿಂಗ್‌ನಲ್ಲಂತೂ ವರ್ಷಕ್ಕೆ ಎರಡು ಸಲ ಮೇಷ್ಟ್ರುಗಳ ದಂಡು ಸೇರುತ್ತಿತ್ತು. ಅವರ ಗುತ್ತಿಗೆ ಒಂದೊಂದೇ ಸೆಮಿಸ್ಟರಿನದು. ಮುಂದಿನ ಕೆಲಸಕ್ಕೆ ಅಲ್ಲೇ ಓಡಾಟ, ಅಲ್ಲೇ ಶಿಫಾರಸು. ಅಪ್ರೈಸಲ್ ತಿಂಗಳ ಹೊಟ್ಟೆನೋವು ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಜನ ಕೂತರೆ ಮಾತು, ಮಾತು ಅಂದರೆ ಸರ್ಕಾರಕ್ಕೆ ಅನುಮಾನ. ಅದೇ ಪಾರ್ಕಿನಲ್ಲಿ ಒಂದು ಎತ್ತರದ ಸ್ಮಾರಕ ಇದೆ. ಜನ ಷೇರು ಹಾಕಿದ್ದ ರೈಲ್ವೆ ಯೋಜನೆಯನ್ನು ಕ್ವಿಂಗ್ ಸರ್ಕಾರ ವಶಕ್ಕೆ ತಗೊಂಡಾಗ 1911ರಲ್ಲಿ ದಂಗೆ ಎದ್ದು ಗುಂಡೇಟಿಗೆ ಸತ್ತವರ ನೆನಪಿಗೆ ಕಟ್ಟಿದ್ದು. ಆ ದಂಗೆ ಅಡಗಿಸಲು ಪಕ್ಕದ ಹುಬೈ ಪ್ರಾಂತ್ಯದಿಂದ ಸೈನ್ಯ ಹೊರಟಿತು. ಅಕ್ಟೋಬರ್ 10ರಂದು ಅಲ್ಲಿನ ವುಚಾಂಗ್‌ನಲ್ಲೇ ಬಂಡಾಯ ಎದ್ದು, ಕೆಲವೇ ತಿಂಗಳಲ್ಲಿ ಸಾಮ್ರಾಜ್ಯ ಮುಗಿಯಿತು.

ಆಮೇಲೆ ಬಂದ ಸರ್ಕಾರಗಳಿಗೂ ಚಹಾಮನೆಯ ಹರಟೆ ಹಿಡಿಸಲಿಲ್ಲ. ‘ದೇಶದ ವಿಷಯ ಮಾತಾಡಬೇಡಿ’ ಎಂಬ ಚೀಟಿ ಗೋಡೆಗಳಲ್ಲಿ ಕಾಣಿಸಿತು. ಲಾವ್ ಷ 1957ರಲ್ಲಿ ಬರೆದ ‘ಚಹಾಮನೆ’ ನಾಟಕದಲ್ಲಿ ಅಂಕ ಕಳೆದ ಹಾಗೆ ಈ ಚೀಟಿಯ ಅಕ್ಷರಗಳೇ ದೊಡ್ಡದಾಗುತ್ತವೆ. ಸಾಂಸ್ಕೃತಿಕ ಕ್ರಾಂತಿ ಶುರುವಾದ 1966ರಲ್ಲಿ ಆತನನ್ನು ಎಲ್ಲರೆದುರು ಹೊಡೆದು ಅವಮಾನಿಸಿದರು. ಮರುದಿನವೇ ಬೀಜಿಂಗಿನ ಕೆರೆಯೊಂದರಲ್ಲಿ ಹೆಣವಾದ. ಚೆಂಗ್ಡುವಿನ ಚಹಾಮನೆಗಳೂ ಆ ವರ್ಷಗಳಲ್ಲಿ ಹೆಚ್ಚುಕಮ್ಮಿ ಎಲ್ಲಾ ಮುಚ್ಚಿದವು. 1978ರ ನಂತರ ಸುಧಾರಣೆಗಳು ಬಂದ ಮೇಲೆ ಬಿದಿರು ಕುರ್ಚಿಗಳು ಮತ್ತೆ ಹೊರಗೆ ಬಂದವು, ಮುದುಕರು ಮತ್ತೆ ಬಂದು ಕೂತರು.

ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಚಹಾ ಪುಕ್ಕಟೆ. ಕಪ್ ಹಿಡಿದು ಎಲ್ಲರೂ ಡೆಸ್ಕಿಗೆ ವಾಪಸ್. ಕೆಫೆಗೆ ಹೋದರೂ ಒಬ್ಬೊಬ್ಬರಿಗೆ ಒಂದೊಂದು ಟೇಬಲ್, ಒಂದೊಂದು ಹೆಡ್‌ಫೋನ್. ‘ಮಾತಾಡಬೇಡಿ’ ಅಂತ ಚೀಟಿ ಅಂಟಿಸುವ ಶ್ರಮವನ್ನೂ ನಾವು ಯಾರಿಗೂ ಕೊಟ್ಟಿಲ್ಲ.