ದರ್ಜೆ ಗೊತ್ತಾಯಿತು, ಕೆಲಸ ಏನು?

ಮದುವೆ ಮಾತುಕತೆಗೆ ಬಂದವರು 'ಹುಡುಗ ಎಸ್‌ಡಿಎ' ಅಂದರು. ಹುಡುಗಿಯ ಸೋದರಮಾವ ತೃಪ್ತಿಯಿಂದ ತಲೆದೂಗಿದರು. ಕಾಫಿ ಲೋಟ ಕೆಳಗಿಡುತ್ತಾ ನಾನು, 'ಏನು ಕೆಲಸ ಮಾಡ್ತಾನೆ?' ಎಂದು ಕೇಳಿಬಿಟ್ಟೆ. 'ಯೂನಿವರ್ಸಿಟೀಲಿ ಎಸ್‌ಡಿಎ ಅಂದ್ವಲ್ಲ!' ಎಂದರು, ನನಗೆ ಕಿವಿ ಮಂದವೇನೋ ಎನ್ನುವ ಹಾಗೆ.

ಅವರದೇನೂ ತಪ್ಪಿಲ್ಲ. 'ದ್ವಿತೀಯ ದರ್ಜೆ ಸಹಾಯಕ' ಎಂಬ ಹೆಸರನ್ನು ಬಿಡಿಸಿ ನೋಡಿ. ಎಷ್ಟನೇ ಮೆಟ್ಟಿಲ ಮೇಲೆ ನಿಂತಿದ್ದಾನೆ ಎಂಬುದು ಅದರಲ್ಲಿದೆ. ಯಾರಿಗೋ ಸಹಾಯ ಮಾಡುತ್ತಾನೆ ಎಂಬುದೂ ಇದೆ. ಏನು ಮಾಡುತ್ತಾನೆ ಎಂಬುದು ಮಾತ್ರ ಇಲ್ಲ. ಬಡಗಿ, ಕಮ್ಮಾರ, ಅಡಿಗೆಯವ ಎಂದರೆ ಕೈ ಕಣ್ಣಿಗೆ ಕಟ್ಟುತ್ತದೆ. ಎಸ್‌ಡಿಎ ಎಂದರೆ ಕಟ್ಟುವುದು ಕುರ್ಚಿ.

ದರ್ಜೆ ಅರಬ್ಬಿಯಲ್ಲಿ ಹುಟ್ಟಿ ಪಾರಸಿಯ ದಾರಿಯಲ್ಲಿ ನಮ್ಮಲ್ಲಿಗೆ ಬಂದ ಮಾತು. ಮೂಲದಲ್ಲಿ ಮೆಟ್ಟಿಲು ಎಂದೇ ಅರ್ಥ. ಇಂಗ್ಲಿಷಿನ ಗ್ರೇಡ್‌ಗೂ ಲ್ಯಾಟಿನ್‌ನಲ್ಲಿ ಹೆಜ್ಜೆ, ಮೆಟ್ಟಿಲು ಎಂಬ ಅರ್ಥವೇ. ಮೆಟ್ಟಿಲು ಇರುವುದು ಹತ್ತುವುದಕ್ಕೆ. ನಮ್ಮ ಕಚೇರಿಗಳಲ್ಲಿ ಜನ ಅದರ ಮೇಲೆ ಕುಳಿತೇ ಬಿಟ್ಟರು. ಒಂದೇ ಮೆಟ್ಟಿಲಲ್ಲಿ ವರ್ಷಗಟ್ಟಲೆ ಕುಳಿತು ಶ್ರೇಣಿಯ ತುದಿ ಮುಟ್ಟಿದವರಿಗೆ ಕೊಡುವ ಹಣಕ್ಕೆ ಸರ್ಕಾರ 'ಸ್ಥಗಿತ ವೇತನ ಬಡ್ತಿ' ಎಂದು ಹೆಸರಿಟ್ಟಿದೆ. ನಿಂತಲ್ಲೇ ನಿಂತಿದ್ದಕ್ಕೆ ಬಡ್ತಿ! ಈ ಪದಪುಂಜ ಕಟ್ಟಿದ ಅನುವಾದಕ ಯಾರೋ, ಒಳಗೊಳಗೇ ನಕ್ಕಿರಬೇಕು.

ಕಚೇರಿಯ ಹೊರಗೆ ದರ್ಜೆ ಎಂಬ ಪದ ಇನ್ನೂ ಸ್ವಚ್ಛಂದ. ಮಂತ್ರಿಗಿರಿ ತಪ್ಪಿದವರಿಗೆ ಯಾವುದೋ ನಿಗಮ ಕೊಟ್ಟು 'ಸಂಪುಟ ದರ್ಜೆ ಸ್ಥಾನಮಾನ' ಅಂಟಿಸಲಾಗುತ್ತದೆ. ಸಂಪುಟ ಸಿಗದಿದ್ದರೂ ದರ್ಜೆ ಸಿಕ್ಕಿತು. ಆಸ್ಪತ್ರೆ, ರಸ್ತೆ, ಶಾಲೆ ಎಲ್ಲವೂ 'ಮೇಲ್ದರ್ಜೆಗೆ' ಏರುತ್ತವೆ, ಸಾಮಾನ್ಯವಾಗಿ ಫಲಕದಿಂದ ಶುರುವಾಗಿ. ಪ್ರಥಮ ದರ್ಜೆ ಕಾಲೇಜಿನ 'ಪ್ರಥಮ ದರ್ಜೆ' ಹೊಗಳಿಕೆ ಎಂದೇ ನಾನು ಬಹುಕಾಲ ತಿಳಿದಿದ್ದೆ. ಹಳೆಯ ಮದ್ರಾಸ್ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಪದವಿಯವರೆಗೆ ಪಾಠ ನಡೆಸುವುದು ಮೊದಲ ದರ್ಜೆಯ ಕಾಲೇಜು, ಅದಕ್ಕಿಂತ ಕೆಳಗಿನ ತರಗತಿಗೇ ನಿಲ್ಲುವುದು ಎರಡನೆಯ ದರ್ಜೆಯದು. ಎಲ್ಲಿಯವರೆಗೆ ಎಂಬುದಷ್ಟೇ ಲೆಕ್ಕ. ಎಷ್ಟು ಚೆನ್ನಾಗಿ ಎಂಬ ಅರ್ಥವನ್ನು ನಾವು ಸೇರಿಸಿಕೊಂಡೆವು. ರೈಲಿನಲ್ಲೂ ಹೀಗೇ ಆಯಿತು. ಮೂರನೆಯ ದರ್ಜೆಯ ಬೋಗಿ 1974ರಲ್ಲೇ ಹೋಯಿತು. 'ಥರ್ಡ್ ಕ್ಲಾಸ್' ಎಂಬ ಬೈಗುಳ ಮಾತ್ರ ಹಳಿ ಬಿಟ್ಟು ಮನುಷ್ಯರ ಮೇಲೆ ಓಡಾಡಿಕೊಂಡಿದೆ.

ನನಗೆ ಚುಚ್ಚುವುದು ಇದೇ. ಹುದ್ದೆಗೆ ಇಟ್ಟ ದರ್ಜೆ ನೋಡನೋಡುತ್ತಿದ್ದಂತೆ ಆಳಿಗೆ ಅಂಟುತ್ತದೆ. 'ಅದು ಡಿ ದರ್ಜೆ ಹುದ್ದೆ' ಎನ್ನುವುದು ಸಂಜೆಯೊಳಗೆ 'ಅವನು ಡಿ ಗ್ರೂಪು' ಆಗಿರುತ್ತದೆ. ಕೇಂದ್ರ ಸರ್ಕಾರ ಆರನೇ ವೇತನ ಆಯೋಗದ ಮಾತು ಕೇಳಿ ಡಿ ಗುಂಪನ್ನೇ ಅಳಿಸಿ, ಆ ನೌಕರರನ್ನು ಸಿ ಗುಂಪಿಗೆ ಸೇರಿಸಿಕೊಂಡಿತು. ನಮ್ಮ ರಾಜ್ಯದಲ್ಲಿ ಆ ಅಕ್ಷರ ಇನ್ನೂ ಗಟ್ಟಿಯಾಗಿದೆ. ಜವಾನ ಎಂಬ ಮಾತಂತೂ ಪಾರಸಿಯಲ್ಲಿ ಯುವಕ. ಐವತ್ತೆಂಟು ವರ್ಷದ, ಮಂಡಿನೋವಿನ, ಮೊಮ್ಮಕ್ಕಳಿರುವ ಯುವಕರು ಟಪಾಲು ಹಿಡಿದು ಮಹಡಿ ಹತ್ತುತ್ತಿರುತ್ತಾರೆ. ಮೆಟ್ಟಿಲು ಹತ್ತುವುದು ಅಂದರೆ ಅವರಿಗೆ ಅಷ್ಟೇ.

ದರ್ಜೆಯ ಪಕ್ಕದಲ್ಲೇ ನಿಘಂಟಿನಲ್ಲಿ ದರ್ಜಿ ಕುಳಿತಿದ್ದಾನೆ. ನೆಂಟನಲ್ಲ; ಅವನು ಹೊಲಿಗೆ ಎಂಬ ಅರ್ಥದ ಪಾರಸಿ ಪದದಿಂದ ಬಂದವನು. ಆದರೂ ದರ್ಜಿಯಿಂದ ದರ್ಜೆ ಒಂದು ಪಾಠ ಕಲಿಯಬಹುದಿತ್ತು. ಅವನು ಮೊದಲು ಟೇಪು ಹಿಡಿಯುತ್ತಾನೆ, ಆಮೇಲೆ ಕತ್ತರಿ. ನಮ್ಮ ವಿಶ್ವವಿದ್ಯಾಲಯಗಳ ಬೋಧಕೇತರ ಹುದ್ದೆಗಳಿಗೆ ಅಂಗಿ ಮೊದಲೇ ಹೊಲಿದಿದೆ. ಪಿಯುಸಿಯಾದರೆ ದ್ವಿತೀಯ ದರ್ಜೆ, ಪದವಿಯಾದರೆ ಪ್ರಥಮ ದರ್ಜೆ. 2018ರ ಶ್ರೇಣಿಯಲ್ಲಿ ಒಬ್ಬರ ಮೂಲವೇತನ 21,400ರಿಂದ ಶುರು, ಇನ್ನೊಬ್ಬರದು 27,650ರಿಂದ. ನಡುವಿನ 6,250 ರೂಪಾಯಿ ಸೇರುವ ದಿನ ಕೈಯಲ್ಲಿದ್ದ ಸರ್ಟಿಫಿಕೇಟಿನ ಬೆಲೆ. ಮರುದಿನದಿಂದ ಇಬ್ಬರೂ ಅಕ್ಕಪಕ್ಕದ ಮೇಜಿನಲ್ಲಿ ಒಂದೇ ಬಗೆಯ ಕಡತ ತಿರುವಿದರೆ ಟೇಪು ಹಿಡಿದು ಬರುವವರಿಲ್ಲ. ವೇತನ ಆಯೋಗಗಳು ಬರುತ್ತವೆ, ನಿಜ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ ರಾಜ್ಯದ ಏಳನೇ ಆಯೋಗದ ನಂತರ 2024ರ ಆಗಸ್ಟಿನಿಂದ ಕನಿಷ್ಠ ಮೂಲವೇತನ 17,000ದಿಂದ 27,000ಕ್ಕೆ ಏರಿತು. ಇಡೀ ಏಣಿಯನ್ನೇ ಎತ್ತಿ ಎತ್ತರದ ಜಗಲಿಯ ಮೇಲಿಟ್ಟಂತೆ. ಯಾವ ಮೆಟ್ಟಿಲು ಯಾವುದರ ಮೇಲಿರಬೇಕು ಎಂಬ ಜಗಳ ಬಹುಪಾಲು ಹಾಗೇ ಉಳಿಯಿತು.

ಟೇಪು ಹಿಡಿದ ಒಂದು ಪ್ರಸಂಗ ನ್ಯಾಯಾಲಯದಲ್ಲಿ ನಡೆದಿದೆ. ದೆಹಲಿ ಪೊಲೀಸ್ ಇಲಾಖೆಯ ರಣಧೀರ್ ಸಿಂಗ್ ದರ್ಜೆಯಿಂದ ಕಾನ್‌ಸ್ಟೇಬಲ್, ಕೆಲಸದಿಂದ ಡ್ರೈವರ್. ಬೇರೆ ಇಲಾಖೆಗಳ ಡ್ರೈವರುಗಳಿಗೆ ಹೆಚ್ಚು ಸಂಬಳ. 1982ರಲ್ಲಿ ಸುಪ್ರೀಂ ಕೋರ್ಟ್ ಅವನ ಪರವಾಗಿ ನಿಂತು, ಸಮಾನ ಕೆಲಸಕ್ಕೆ ಸಮಾನ ವೇತನ ಸಂವಿಧಾನದ ಗುರಿ ಎಂದಿತು. ಹೆಸರು ಏನೇ ಇರಲಿ, ಕೈಯಲ್ಲಿ ಇದ್ದದ್ದು ಸ್ಟೀರಿಂಗು.

ಬ್ರಿಟನ್ನಿನ ವಿಶ್ವವಿದ್ಯಾಲಯಗಳು 2004ರ ಹೊತ್ತಿಗೆ ಒಂದು ಒಪ್ಪಂದ ಮಾಡಿಕೊಂಡವು. ಕಸ ಗುಡಿಸುವವರು, ಗುಮಾಸ್ತರು, ತಂತ್ರಜ್ಞರು, ಪಾಠ ಹೇಳುವವರು, ಎಲ್ಲರಿಗೂ ಒಂದೇ ಏಣಿ, 51 ಮೆಟ್ಟಿಲು. ಯಾರ ಹುದ್ದೆ ಎಲ್ಲಿ ಎಂದು ತೀರ್ಮಾನಿಸಲು ಹಲವು ವಿಶ್ವವಿದ್ಯಾಲಯಗಳು ಹೀರಾ ಎಂಬ ಪದ್ಧತಿ ಹಿಡಿದವು. ಅದರಲ್ಲಿ 14 ಅಂಶಗಳು: ನಿರ್ಧಾರ ಎಷ್ಟು ತೆಗೆದುಕೊಳ್ಳುತ್ತೀರಿ, ಮೈಗೆ ಎಷ್ಟು ಶ್ರಮ, ಕೆಲಸದ ಜಾಗ ಹೇಗಿದೆ, ಹೀಗೆ. ಹುದ್ದೆಯಲ್ಲಿ ಕುಳಿತವರು ಜಾಣರೋ ಸೋಮಾರಿಗಳೋ ಎಂದು ಕೇಳುವಂತಿಲ್ಲ, ಅಂಕ ಹುದ್ದೆಗೆ. ಅಲ್ಲೂ ಎಲ್ಲರೂ ಸಂತೃಪ್ತರಲ್ಲ. ಅಂಕ ಕೊಡುವ ಕೈಗೂ ಒಂದು ದರ್ಜೆ ಇರುತ್ತದಲ್ಲ. ಆದರೂ 'ನೀವು ದಿನವಿಡೀ ಏನು ಮಾಡುತ್ತೀರಿ?' ಎಂದು ಕೂತು ಕೇಳಿದ್ದೇ ದೊಡ್ಡದು ಎನಿಸುತ್ತದೆ.

ನಮ್ಮಲ್ಲಿ ಕೇಳುವವರಿಗೆ ಕುರ್ಚಿ ಇಲ್ಲ ಎನ್ನುವಂತಿಲ್ಲ. ಹೆಚ್ಚಿನ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ 'ಕುಲಸಚಿವರು, ಮೌಲ್ಯಮಾಪನ' ಎಂಬ ಫಲಕವೇ ಇದೆ. ಒಳಗೆ ಮೌಲ್ಯಮಾಪನ ನಡೆಯುವುದು ಉತ್ತರಪತ್ರಿಕೆಗೆ ಮಾತ್ರ. ಕಟ್ಟು ಹೊರುವ, ಕೋಡ್ ಹಾಕುವ, ಅಂಕ ಕೂಡುವ ಕೆಲಸಗಳಿಗೆ ಮೌಲ್ಯ ಕಟ್ಟುವ ಶಾಖೆ ಯಾವ ಮಹಡಿಯಲ್ಲೂ ಕಾಣುವುದಿಲ್ಲ. ಹೊರಗುತ್ತಿಗೆಯವರಿಗಂತೂ ದರ್ಜೆಯೇ ಇಲ್ಲ. ಏಣಿ ಹಿಡಿದುಕೊಂಡು ನಿಂತವರು ಅವರು.

ಆ ಹದಿನಾಲ್ಕು ಅಂಶಗಳ ಪಟ್ಟಿಯನ್ನು ಕನ್ನಡಕ್ಕೆ ಮಾಡಿಕೊಂಡು, ನನಗೆ ಪರಿಚಯದ ಒಬ್ಬ ಎಸ್‌ಡಿಎ ಮುಂದೆ ಕುಳಿತೆ. ಪರೀಕ್ಷಾ ವಿಭಾಗದ ಕಿಟಕಿಯಲ್ಲಿ ಅಂಕಪಟ್ಟಿ ಕೊಡುವ ಹೆಣ್ಣುಮಗಳು. ಯೋಜನೆ, ವಿಶ್ಲೇಷಣೆ ಎಂದಾಗಲೆಲ್ಲ 'ಅದೆಲ್ಲ ಸೂಪರಿಂಟೆಂಡೆಂಟ್ ಸಾಹೇಬ್ರದ್ದು' ಎಂದು ದಾಟಿಸಿಬಿಟ್ಟರು. ಸಂಕಟದಲ್ಲಿರುವವರಿಗೆ ಸಮಾಧಾನ ಹೇಳುವುದು, ಆರೈಕೆ ಮಾಡುವುದು ಎಂಬ ಅಂಶ ಬಂದಾಗ ತಲೆಯೆತ್ತಿದರು.

'ಇದಕ್ಕೂ ಅಲ್ಲಿ ಅಂಕ ಇದೆಯಾ ಸಾರ್?'

'ಇದೆ. ಯಾಕಮ್ಮ, ನಿಮಗೂ ಇದೆಯಾ ಈ ಕೆಲಸ?'

'ರಿಸಲ್ಟ್ ಬಂದ ವಾರ ಇನ್ನೇನಿರುತ್ತೆ? ಫೇಲಾದ ಮಕ್ಕಳು ಈ ಕಂಬಿ ಹಿಡ್ಕೊಂಡು ಅಳ್ತವೆ. ಹೋದ ಸಲ ಒಬ್ಬ ಹುಡುಗ ಮನೆಗೆ ಹೋಗಲ್ಲ ಅಂತ ಕೂತ. ಅವರಪ್ಪ ಬರೋವರೆಗೂ ಕೂರಿಸ್ಕೊಂಡಿದ್ದೆ.'

'ನಿಮ್ಮ ಕಾರ್ಯ ಹಂಚಿಕೆ ಆದೇಶದಲ್ಲಿ ಇದು ಎಲ್ಲಿ ಬರುತ್ತೆ?'

ಮೇಜಿನ ಗಾಜಿನಡಿ ಇಟ್ಟಿದ್ದ ಹಾಳೆಯನ್ನು ತೋರಿಸಿದರು. ಒಂದರಿಂದ ಆರರವರೆಗೆ ವಹಿಗಳ ಹೆಸರು. ಏಳನೆಯ ಸಾಲಿನ ಮೇಲೆ ಬೆರಳಿಟ್ಟರು: 'ಮೇಲಧಿಕಾರಿಗಳು ವಹಿಸುವ ಇತರೆ ಕೆಲಸಗಳು.'

'ಆದ್ರೆ ಇದನ್ನ ಯಾರೂ ವಹಿಸ್ಲಿಲ್ಲ ಸಾರ್' ಎಂದು, ಕಿಟಕಿಯಲ್ಲಿ ಚಾಚಿದ್ದ ರಸೀದಿಯತ್ತ ತಿರುಗಿದರು.