ಹಳೆಯ ಚಕ್ರಕ್ಕೆ ಹೊಸ ಟೈರು: ಒಂದು ಅಳತೆಯ ಇತಿಹಾಸ



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳಲ್ಲೋ, ಅವುಗಳ ಸುತ್ತಲಿನ ಹಳ್ಳಿಗಳಲ್ಲೋ ನಿಮ್ಮ ಮನೆ ಇದ್ದರೆ, ಕೊಟ್ಟಿಗೆಯ ಗೋಡೆಗೆ ಒರಗಿ ನಿಂತ ಹಳೆಯ ಸೈಕಲ್ಲೊಂದನ್ನು ನೀವು ನೋಡಿರಬಹುದು. ಅದರ ಮುಂಭಾಗದ ಬಿಲ್ಲೆಯ ಮೇಲೆ ರ‍್ಯಾಲಿ, ಹಂಬರ್, ಫಿಲಿಪ್ಸ್, ಹರ್ಕ್ಯುಲಿಸ್ ಇಂಥ ಯಾವುದೋ ಹೆಸರು ಇರುತ್ತದೆ. ಚೌಕಟ್ಟಿನ ಉಕ್ಕು ಇನ್ನೂ ಗಟ್ಟಿ. ಸರಪಳಿಗೆ ಎಣ್ಣೆ ಬಿಟ್ಟರೆ ಅದೂ ತಿರುಗೀತು. ಆದರೆ ಟೈರು ಮಾತ್ರ ಬಿರಿದು ಪುಡಿಯಾಗಿರುತ್ತದೆ.

ಸರಿ, ಪೇಟೆಗೆ ಹೋಗಿ "28ರ ಟೈರು ಕೊಡಿ" ಎಂದು ಕೇಳಿ ತರುತ್ತೀರಿ. ಮನೆಗೆ ಬಂದು ನೋಡಿದರೆ ಅದು ಚಕ್ರಕ್ಕೆ ಏರುವುದೇ ಇಲ್ಲ. "ಇದಕ್ಕೆ ಟೈರು ಸಿಗೋದಿಲ್ಲ" ಎಂಬ ತೀರ್ಮಾನ ಅಂದೇ ಆಗಿಹೋಗುತ್ತದೆ. ಮರುವಾರ ಸೈಕಲ್ಲು ತೂಕದ ಲೆಕ್ಕದಲ್ಲಿ ಗುಜರಿಗೆ ಸೇರುತ್ತದೆ. ಎಷ್ಟೋ ಹಳೆಯ ಸೈಕಲ್ಲುಗಳು ಕೊನೆಗೊಳ್ಳುವುದು ಹೀಗೆ. ತುಕ್ಕಿನಿಂದಲ್ಲ, ಒಂದು ಅಂಕಿಯ ಅರ್ಥ ತಿಳಿಯದಿದ್ದುದರಿಂದ. ಆ ಅಂಕಿಯ ಕಥೆಯನ್ನು ಈಗ ನೋಡೋಣ.

ಮೊದಲ ಸೈಕಲ್ಲುಗಳಿಗೆ ಗಾಳಿ ತುಂಬುವ ಟೈರು ಇರಲಿಲ್ಲ. 1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಜನಪ್ರಿಯವಾದ, ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ ಇದ್ದ ಸೈಕಲ್ಲಿಗೆ ಗಟ್ಟಿ ರಬ್ಬರಿನ ಪಟ್ಟಿಯನ್ನು ಅಂಟಿಸುತ್ತಿದ್ದರು. ಇಂದೂ ಅಂಥ ಸೈಕಲ್ಲನ್ನು ದುರಸ್ತಿ ಮಾಡುವವರು ಗಟ್ಟಿ ರಬ್ಬರಿನ ಹುರಿಯನ್ನು ಉದ್ದಕ್ಕೆ ಕತ್ತರಿಸಿ ಕೂರಿಸುತ್ತಾರೆ. ಅಲ್ಲಿ ಅಳತೆಯ ಗೊಂದಲವಿಲ್ಲ. ಗೊಂದಲ ಆರಂಭವಾದದ್ದು ಗಾಳಿ ಬಂದ ಮೇಲೆ.

ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಗಾಳಿ ಟೈರಿಗೆ ಪೇಟೆಂಟ್ ಪಡೆದಿದ್ದ. ಆದರೆ ಆಗ ಸೈಕಲ್ಲೇ ಇನ್ನೂ ಬಂದಿರಲಿಲ್ಲ, ಅವನ ಆವಿಷ್ಕಾರ ಮೂಲೆ ಸೇರಿತು. ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆಂದು ಗಾಳಿ ಟೈರು ಮಾಡಿ, 1888ರಲ್ಲಿ ಪೇಟೆಂಟ್ ಪಡೆದ. 1889ರಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಈ ಟೈರು ಹಾಕಿದ ಸೈಕಲ್ಲಿನಲ್ಲಿ ಬೆಲ್‌ಫಾಸ್ಟ್‌ನ ಪಂದ್ಯಗಳನ್ನು ಗೆದ್ದ ಮೇಲೆ ಗಟ್ಟಿ ರಬ್ಬರಿನ ಕಾಲ ಮುಗಿಯಿತು.

ಡನ್‌ಲಪ್‌ನ ಟೈರನ್ನು ಚಕ್ರಕ್ಕೆ ಅಂಟಿಸಬೇಕಿತ್ತು. ಪಂಕ್ಚರ್ ಆದರೆ ಅದನ್ನು ಬಿಚ್ಚುವುದೇ ದೊಡ್ಡ ಕೆಲಸ. 1890ರಲ್ಲಿ ಇದಕ್ಕೆ ಎರಡು ಬೇರೆ ಬೇರೆ ಪರಿಹಾರಗಳು ಬಂದವು. ವಿಲಿಯಂ ಬಾರ್ಟ್ಲೆಟ್ ಟೈರಿನ ಅಂಚನ್ನು ದಪ್ಪ ಮಾಡಿ, ಒಳಕ್ಕೆ ಬಾಗಿದ ರಿಮ್ಮಿನ ತುಟಿಗೆ ಸಿಕ್ಕಿಸಿದ. ಚಾರ್ಲ್ಸ್ ವೆಲ್ಚ್ ಟೈರಿನ ಅಂಚಿನಲ್ಲಿ ಹಿಗ್ಗದ ಉಕ್ಕಿನ ತಂತಿಯನ್ನು ಹುದುಗಿಸಿದ. ಕೊನೆಗೆ ಗೆದ್ದದ್ದು ವೆಲ್ಚ್‌ನ ತಂತಿ. ನಿಮ್ಮ ಸೈಕಲ್ಲಿನ ಟೈರಿನ ಅಂಚನ್ನು ಬೆರಳಿನಿಂದ ಒತ್ತಿ ನೋಡಿ, ಗಟ್ಟಿಯಾಗಿ ಸಿಗುವುದು ಅದೇ ತಂತಿ.

ಇಲ್ಲಿ ಒಂದು ವಿಜ್ಞಾನದ ಸಂಗತಿ ಇದೆ. ತಂತಿ ಹಿಗ್ಗುವುದಿಲ್ಲ ಎಂದರೆ, ತಂತಿಯ ಬಳೆ ಮತ್ತು ರಿಮ್ಮಿನಲ್ಲಿ ಅದು ಕೂರುವ ಜಾಗ, ಎರಡರ ವ್ಯಾಸವೂ ಒಂದೇ ಇರಬೇಕು. ಟೈರಿನ ಹೊರಗಿನ ಗಾತ್ರ ಎಷ್ಟೇ ಇರಲಿ, ಹೊಂದಿಕೆಯನ್ನು ನಿರ್ಧರಿಸುವುದು ಈ ಒಳಗಿನ ವ್ಯಾಸ. ಆದರೆ ಇಂಗ್ಲೆಂಡಿನ ತಯಾರಕರು ಟೈರಿನ ಮೇಲೆ ಬರೆದದ್ದು ಹೊರಗಿನ ಗಾತ್ರವನ್ನು! ಇಲ್ಲೇ ತೊಡಕು ಹುಟ್ಟಿತು.

ಒಂದು ಪೆನ್ಸಿಲ್ ತೆಗೆದುಕೊಂಡು ನೀವೇ ಲೆಕ್ಕ ಮಾಡಿ. 28 × 1½ ಎಂದರೆ ಗಾಳಿ ತುಂಬಿದ ಟೈರಿನ ಹೊರ ವ್ಯಾಸ 28 ಅಂಗುಲ, ಟೈರಿನ ದಪ್ಪ 1½ ಅಂಗುಲ. ಚಕ್ರದ ಎರಡೂ ಬದಿಗೆ ಟೈರು ಇರುವುದರಿಂದ 28ರಲ್ಲಿ 3 ಕಳೆಯಿರಿ. ಉಳಿದದ್ದು 25 ಅಂಗುಲ. ಅದನ್ನು 25.4ರಿಂದ ಗುಣಿಸಿದರೆ 635 ಮಿಲಿಮೀಟರ್. ಹಳೆಯ ದೊಡ್ಡ ಸೈಕಲ್ಲಿನ ನಿಜವಾದ ಅಳತೆ ಇದು.

ಈಗ 28 × 1¾ ತೆಗೆದುಕೊಳ್ಳಿ. 28ರಲ್ಲಿ 3½ ಕಳೆದರೆ 24½ ಅಂಗುಲ, ಅಂದರೆ 622 ಮಿಲಿಮೀಟರ್. ಮುಂದೆ ಇದೇ 622ರ ರಿಮ್ಮಿಗೆ ಇನ್ನೂ ತೆಳ್ಳನೆಯ ಟೈರುಗಳು ಬಂದವು. ಹೊರ ವ್ಯಾಸ ಕಡಿಮೆಯಾದರೂ '28' ಎಂಬ ಹೆಸರು ಉಳಿಯಿತು. ಫ್ರಾನ್ಸಿನವರು ಇದನ್ನು '700ಸಿ' ಎಂದು ಕರೆದರು. ಇಂದಿನ ಬಹುತೇಕ ರೇಸಿಂಗ್ ಸೈಕಲ್ಲುಗಳೂ, '29' ಎಂದು ಮಾರುವ ಬೆಟ್ಟದ ಸೈಕಲ್ಲುಗಳೂ ಇದೇ 622ರವು. ಹಾಗಾಗಿ "28ರ ಟೈರು" ಎಂದಾಗ ಅಂಗಡಿಯವರು 622ರದನ್ನು ಕೊಟ್ಟರೆ ತಪ್ಪು ಅವರದ್ದಲ್ಲ. ವ್ಯಾಸದಲ್ಲಿ 13 ಮಿಲಿಮೀಟರ್ ಎಂದರೆ ಪರಿಧಿಯಲ್ಲಿ ಸುಮಾರು 41 ಮಿಲಿಮೀಟರ್ ವ್ಯತ್ಯಾಸ. ಉಕ್ಕಿನ ತಂತಿ ಅಷ್ಟು ಹಿಗ್ಗುವುದುಂಟೇ?

26ರ ಕಥೆ ಇನ್ನೂ ಸೊಗಸು. 26 × 1⅜ ಎಂದರೆ 590, 26 × 1½ ಎಂದರೆ 584, ಅಮೆರಿಕದಿಂದ ಬಂದ 26 × 2 ಎಂದರೆ 559. ಅದೇ 559ರ ರಿಮ್ಮಿಗೆ ಕೂರುವ ತೆಳ್ಳನೆಯ ಟೈರಿಗೆ 26 × 1.75 ಎಂದು ಹೆಸರು. ಆದರೆ 26 × 1¾ ಎಂದು ಭಿನ್ನರಾಶಿಯಲ್ಲಿ ಬರೆದರೆ ಅದು 571! ಗಣಿತದ ಪರೀಕ್ಷೆಯಲ್ಲಿ 1¾ ಮತ್ತು 1.75 ಒಂದೇ. ಸೈಕಲ್ ಅಂಗಡಿಯಲ್ಲಿ ಅವೆರಡೂ ಬೇರೆ ಬೇರೆ.

ಈ ಗೊಂದಲಕ್ಕೆ ಯೂರೋಪಿನ ಟೈರು ಮತ್ತು ರಿಮ್ ತಯಾರಕರ ಸಂಸ್ಥೆ ಒಂದು ಪರಿಹಾರ ಕೊಟ್ಟಿತು. ಮುಂದೆ ಅದು ಐಎಸ್‌ಒ 5775 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಇದರ ಪ್ರಕಾರ ಟೈರಿನ ಪಕ್ಕೆಯ ಮೇಲೆ ಎರಡು ಅಂಕಿಗಳಿರುತ್ತವೆ. ಉದಾಹರಣೆಗೆ 40-635. ಮೊದಲನೆಯದು ಟೈರಿನ ಅಗಲ, ಎರಡನೆಯದು ತಂತಿ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಹಳೆಯ ಚಕ್ರಕ್ಕೆ ಟೈರು ಹುಡುಕುವವರು ನೆನಪಿಡಬೇಕಾದದ್ದು ಕೊನೆಯ ಮೂರು ಅಂಕಿಗಳನ್ನು ಮಾತ್ರ.

"ಟೈರಿನ ಬದಲು ರಿಮ್ಮನ್ನೇ ಬದಲಿಸಿದರಾಯಿತು" ಎಂದು ನೀವು ಕೇಳಬಹುದು. ಅದು ಅಷ್ಟು ಸುಲಭವಲ್ಲ. ಹಳೆಯ ಸೈಕಲ್ಲಿನ ಬ್ರೇಕು ತಂತಿಯದ್ದಲ್ಲ, ಕಂಬಿಯದ್ದು. ಅದರ ರಬ್ಬರು ಗುಬ್ಬಿಗಳು ರಿಮ್ಮಿನ ಪಕ್ಕೆಗಲ್ಲ, ಒಳಮೈಗೆ ಒತ್ತುತ್ತವೆ. ಅದಕ್ಕೆಂದೇ ಆ ರಿಮ್ಮಿನ ಒಳಮೈ ದುಂಡಗೆ ಬಾಗಿರುತ್ತದೆ. ಜೊತೆಗೆ ಕಡ್ಡಿಗಳನ್ನು ಎಣಿಸಿ ನೋಡಿ. ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40. ಇಂದಿನ ಬಹಳಷ್ಟು ರಿಮ್ಮುಗಳಲ್ಲಿ 36 ತೂತುಗಳಿರುತ್ತವೆ. ಆದ್ದರಿಂದ ಹಳೆಯ ರಿಮ್ಮನ್ನು ಉಳಿಸಿಕೊಂಡು ಅದಕ್ಕೊಪ್ಪುವ ಟೈರನ್ನು ಹುಡುಕುವುದೇ ಸರಿಯಾದ ದಾರಿ.

ಹಾಗಾದರೆ 635ರ ಟೈರು ಎಲ್ಲಿ ಸಿಗುತ್ತದೆ? ಇಂಗ್ಲೆಂಡಿನಲ್ಲಿ ಸಿಗಬೇಕು ಎಂದುಕೊಳ್ಳುತ್ತೀರಿ, ಅಲ್ಲವೇ? ಇತಿಹಾಸದ ಸ್ವಾರಸ್ಯ ಇಲ್ಲಿದೆ. ಇಂಗ್ಲೆಂಡಿನಲ್ಲಿ ರಸ್ತೆಗಳು ನುಣುಪಾದವು, ಕಾರುಗಳು ಹೆಚ್ಚಿದವು, ಸೈಕಲ್ಲುಗಳು ಹಗುರವಾದವು. 26 × 1⅜ರ ಚಕ್ರ ಮುಂದೆ ಬಂದು, 28 × 1½ರ ದೊಡ್ಡ ಚಕ್ರ ಹಿಂದೆ ಸರಿಯಿತು. ಭಾರತದಲ್ಲಿ ನಡೆದದ್ದೇ ಬೇರೆ. ಬಂಗಾಳದ ಸಹಾಗಂಜ್‌ನಲ್ಲಿ 1936ರಲ್ಲಿ ಡನ್‌ಲಪ್ ಟೈರು ಕಾರ್ಖಾನೆ ಆರಂಭವಾಯಿತು. ಆ ಕಾರ್ಖಾನೆ ಈಗ ಮುಚ್ಚಿದೆ. ಸ್ವಾತಂತ್ರ್ಯಾನಂತರ ಮದರಾಸಿನಲ್ಲಿ 1949ರಲ್ಲಿ ಟಿಐ ಸೈಕಲ್ಸ್ ಹುಟ್ಟಿ ಹರ್ಕ್ಯುಲಿಸ್ ಸೈಕಲ್ಲನ್ನು ಇಲ್ಲೇ ತಯಾರಿಸಿತು. 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲುಧಿಯಾನದ ಹೀರೋ ಬಂದವು. ಈ ಕಾರ್ಖಾನೆಗಳು ತಯಾರಿಸಿದ ಗಟ್ಟಿಮುಟ್ಟು ಸೈಕಲ್ಲು ಇಂಗ್ಲೆಂಡಿನ ಹಳೆಯ ಮಾದರಿಯೇ. ಚಕ್ರವೂ ಅದೇ 635.

ಇದಕ್ಕೆ ಕಾರಣ ನಮ್ಮ ರಸ್ತೆ ಮತ್ತು ನಮ್ಮ ಹೊರೆ. ದೊಡ್ಡ ಚಕ್ರ ಗುಂಡಿಗೆ ಅಷ್ಟಾಗಿ ಇಳಿಯುವುದಿಲ್ಲ, ಕಲ್ಲನ್ನು ಸುಲಭವಾಗಿ ಹತ್ತುತ್ತದೆ. ಚನ್ನರಾಯಪಟ್ಟಣದ ಕಡೆಯ ಎಳನೀರು ಗೊನೆ, ಅರಕಲಗೂಡಿನ ಕಡೆಯ ಆಲೂಗೆಡ್ಡೆ ಮೂಟೆ, ಹಾಲಿನ ಕ್ಯಾನು, ಇವನ್ನು ಹೊತ್ತು ಮಣ್ಣಿನ ದಾರಿಯಲ್ಲಿ ಹೋಗಲು ತೆಳ್ಳನೆಯ ಚಕ್ರ ಸಾಲದು. ಹೀಗೆ ಬಡವರ ದುಡಿಮೆಗೆ ಬೇಕಾದ ಚಕ್ರ ಇಲ್ಲಿ ಉಳಿಯಿತು. ಚಕ್ರ ಉಳಿದದ್ದರಿಂದ ಟೈರೂ ಉಳಿಯಿತು. ಲುಧಿಯಾನದ ರಾಲ್ಸನ್, ಹೈದರಾಬಾದಿನ ಹಾರ್ಟೆಕ್ಸ್‌ನಂಥ ಕಂಪನಿಗಳು ಸೈಕಲ್ ಟೈರಿನ ಉದ್ಯಮವನ್ನು ಬೆಳೆಸಿದವು. ಚೀನಾದ 'ಫ್ಲೈಯಿಂಗ್ ಪಿಜನ್' ಸೈಕಲ್ಲಿನಲ್ಲೂ, ನೆದರ್ಲೆಂಡ್ಸ್‌ನ ಸಾಂಪ್ರದಾಯಿಕ ಸೈಕಲ್ಲುಗಳಲ್ಲೂ ಇದೇ ಅಳತೆ ಉಳಿಯಿತು. ಇಂಗ್ಲೆಂಡಿನಲ್ಲಿ ತಾತನ ಕಾಲದ ರ‍್ಯಾಲಿಯನ್ನು ಓಡಿಸಬಯಸುವವರು ಭಾರತದಲ್ಲಿ ತಯಾರಾದ ಟೈರನ್ನು ತರಿಸಿಕೊಳ್ಳುವುದುಂಟು. ನಾವು 'ಹಳೆಯದು' ಎಂದು ಕೊಟ್ಟಿಗೆಗೆ ತಳ್ಳಿದ್ದು ಮೂಲ ನಾಡಿನವರಿಗೆ ಆಸರೆಯಾಗಿದೆ.

ಈಗ ನಿಮ್ಮ ಕೆಲಸ. ಹಳೆಯ ಟೈರಿನ ಪಕ್ಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಓರೆಯಾಗಿ ಬೆಳಕು ಬಿಟ್ಟು ಓದಿ. ಶಾಸನ ಓದುವವರು ಕಲ್ಲಿನ ಮೇಲಿನ ಸವೆದ ಅಕ್ಷರವನ್ನು ಓದುವುದೂ ಹೀಗೆಯೇ. ಬೆಲ್‌ಫಾಸ್ಟ್‌ನಲ್ಲಿ ಗಾಳಿ ಟೈರು ಪಂದ್ಯ ಗೆದ್ದ ಅದೇ 1889ರಲ್ಲಿ ಬಿ.ಎಲ್. ರೈಸ್ ಅವರು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳ ಸಂಪುಟವನ್ನು ಪ್ರಕಟಿಸಿದ್ದರು. ಬರಹ ಕಲ್ಲಿನ ಮೇಲಿದ್ದರೂ ರಬ್ಬರಿನ ಮೇಲಿದ್ದರೂ ಓದುವ ಶಿಸ್ತು ಒಂದೇ.

ಟೈರು ಪೂರ್ತಿ ಪುಡಿಯಾಗಿದ್ದರೆ ರಿಮ್ಮನ್ನೇ ಅಳೆಯಿರಿ. ಟೈರಿನ ಅಂಚು ಕೂರುವ ಮೆಟ್ಟಿಲಿನ ಮೇಲೆ ಹಿಗ್ಗದ ದಾರವನ್ನು ಒಂದು ಸುತ್ತು ಸುತ್ತಿ, ಅದರ ಉದ್ದವನ್ನು 3.1416ರಿಂದ ಭಾಗಿಸಿ. ದಾರದ ಉದ್ದ ಸುಮಾರು 1995 ಮಿಲಿಮೀಟರ್ ಬಂದರೆ ಅಳತೆ 635. 1954 ಬಂದರೆ 622. 1854 ಬಂದರೆ 590. ಗಮನಿಸಿ, ರಿಮ್ಮಿನ ಹೊರ ತುಟಿಯನ್ನು ಅಳೆಯಬಾರದು, ಲೆಕ್ಕ ತಪ್ಪುತ್ತದೆ.

ಆ ಮೂರು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ನಿಮ್ಮೂರಿನ ಹಳೆಯ ಸೈಕಲ್ ಅಂಗಡಿಗೆ ಹೋಗಿ. "28 × 1½, 635" ಎಂದು ಕೇಳಿ. ಹೊಳೆನರಸೀಪುರದಲ್ಲಿ ಇಲ್ಲದಿದ್ದರೆ ಹಾಸನದಲ್ಲಿ ವಿಚಾರಿಸಿ. ಅಲ್ಲೂ ಇಲ್ಲದಿದ್ದರೆ ತರಿಸಿಕೊಡಲು ಹೇಳಿ. ಟ್ಯೂಬಿನ ವಿಷಯದಲ್ಲಿ ಚಿಂತೆ ಬೇಡ. ನಮ್ಮ ಹಳೆಯ ವಾಲ್ವ್‌ಗೂ ಮೋಟಾರ್ ಬಗೆಯ ವಾಲ್ವ್‌ಗೂ ರಿಮ್ಮಿನ ತೂತು ಹೆಚ್ಚುಕಡಿಮೆ ಒಂದೇ, ಸುಮಾರು 8 ಮಿಲಿಮೀಟರ್.

ಒಂದು ಎಚ್ಚರಿಕೆ. ಹತ್ತಿರದ ಅಳತೆಯಿಂದ ಕೆಲಸ ಸಾಗಿಸಲು ಹೋಗಬೇಡಿ. 27 × 1¼ ಎಂಬ ರಿಮ್ಮಿನ ಅಳತೆ 630. ಅದರ ಮೇಲೆ 635ರ ಟೈರು ಕೈಯಿಂದಲೇ ಸಲೀಸಾಗಿ ಏರುತ್ತದೆ. ಆದರೆ ಗಾಳಿ ತುಂಬಿದಾಗ ಅಂಚು ಜಾರಿ ಟ್ಯೂಬು ಸಿಡಿಯುತ್ತದೆ. ಇಳಿಜಾರಿನಲ್ಲಿ ಹಾಗಾದರೆ ಪ್ರಾಣಕ್ಕೇ ಅಪಾಯ. ರಿಮ್ಮಿನ ಅಂಚು ತುಕ್ಕಿನಿಂದ ತೆಳುವಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಸೈಕಲ್ಲನ್ನು ನೋಡಲು ಇಡಿ, ಓಡಿಸಬೇಡಿ. ಟೈರಿನ ಮೇಲೆ ನಮೂದಿಸಿದ ಒತ್ತಡಕ್ಕಿಂತ ಹೆಚ್ಚು ಗಾಳಿಯನ್ನು ಎಂದೂ ತುಂಬಬೇಡಿ.

ಕೊನೆಯದಾಗಿ ಒಂದು ಮಾತು. ಟೈರು ತಯಾರಾಗುವುದು ಕೇಳುವವರು ಇರುವ ತನಕ ಮಾತ್ರ. ಇಂಗ್ಲೆಂಡಿನಲ್ಲಿ ಕೇಳುವವರು ಕಡಿಮೆಯಾದಂತೆ ಒಂದು ಅಳತೆ ಅಂಗಡಿಯಿಂದ ಮರೆಯಾಯಿತು. ನಮ್ಮಲ್ಲೂ ಭಾರದ ಸೈಕಲ್ಲಿನ ಜಾಗವನ್ನು ಮೊಪೆಡ್ಡು, ಸ್ಕೂಟರುಗಳು ತೆಗೆದುಕೊಂಡಿವೆ. ನಮ್ಮ ರಾಜ್ಯ ಸರ್ಕಾರ 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿದಾಗ ಬಂದ ಸೈಕಲ್ಲುಗಳೇ ಈಗ ಹಳೆಯವಾಗಿವೆ. ಅವುಗಳಿಗೂ ಒಂದು ದಿನ ಟೈರು ಹುಡುಕಬೇಕಾಗುತ್ತದೆ. ಆದ್ದರಿಂದ ನಿಮ್ಮ ಬೀದಿಯಲ್ಲಿರುವ ಸೈಕಲ್ಲುಗಳ ಹೆಸರು, ಕಡ್ಡಿಯ ಸಂಖ್ಯೆ, ಚಕ್ರದ ಅಳತೆ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಯಾರ ಮನೆಯ ಸೈಕಲ್ಲಾದರೂ ಗುಜರಿಗೆ ಹೊರಟರೆ, ಗಾಡಿಗೆ ಏರಿಸುವ ಮೊದಲು ಒಮ್ಮೆ ದಾರ ಹಿಡಿದು ಅಳೆದು ನೋಡಿ.