ಕಂಡಂ ಎಂಜಿನ್ನಿನ ಬಿಡಿಭಾಗಗಳು: ಸಿಂಧನೂರು ಸೀಮೆಯಿಂದ ನೋಡಿದ ಉಗಿ ಲೋಕೋ ಸಂರಕ್ಷಣೆಯ ಇತಿಹಾಸ

ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದ್ರಾಸ್ ರೈಲ್ವೆಯ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಅದೇ ಜಿಲ್ಲೆಯ ಸಿಂಧನೂರಿಗೆ ಪ್ರಯಾಣಿಕರ ರೈಲು ಬಂದದ್ದು 2024ರ ಮಾರ್ಚಿನಲ್ಲಿ. ಗಿಣಿಗೇರಾದಿಂದ ಮಹಬೂಬನಗರದ ಕಡೆಗೆ 1997–98ರಲ್ಲಿ ಮಂಜೂರಾದ ಮಾರ್ಗ ಗಂಗಾವತಿ, ಕಾರಟಗಿಗಳನ್ನು ದಾಟಿ ಇಲ್ಲಿಗೆ ಮುಟ್ಟುವ ಹೊತ್ತಿಗೆ ಉಗಿಯ ಕಾಲ ಎಂದೋ ಮುಗಿದಿತ್ತು. ಬ್ರಾಡ್‌ಗೇಜಿನ ಕೊನೆಯ ನಿಯಮಿತ ಉಗಿ ರೈಲು 1995ರ ಡಿಸೆಂಬರಿನಲ್ಲಿ ಪಂಜಾಬಿನಲ್ಲಿ ಓಡಿತು. ಅದಾದ ನಾಲ್ಕೈದು ವರ್ಷಗಳಲ್ಲಿ ಮೀಟರ್‌ಗೇಜಿನಲ್ಲೂ ಬೆಂಕಿ ಆರಿತು. ಲಿಂಗಸುಗೂರಿನ ಕಥೆ ಇನ್ನೂ ತಡ. ಅದರ ಮೇಲೆ ಹಾದುಹೋಗಬೇಕಾದ ಗದಗ–ವಾಡಿ ಮಾರ್ಗದಲ್ಲಿ ಕುಷ್ಟಗಿಗೆ ರೈಲು ಬಂದದ್ದೇ 2025ರಲ್ಲಿ. ಮಸ್ಕಿ ಈ ಎರಡು ಮಾರ್ಗಗಳ ನಡುವೆ ಉಳಿದುಕೊಂಡಿದೆ.

ಹೀಗೆ ಉಗಿ ಎಂಜಿನ್ನನ್ನು ಕಾಣದೆಯೇ ರೈಲು ಕಂಡ ಸೀಮೆ ಇದು. ಇಲ್ಲಿನ ಹಿರಿಯರಿಗೆ ಹೊಗೆ ಉಗುಳುವ ಗಾಡಿ ಎಂದರೆ ಬಸ್ಸು ಹಿಡಿದು ರಾಯಚೂರಿಗೋ ಕೊಪ್ಪಳಕ್ಕೋ ಹೊಸಪೇಟೆಗೋ ಹೋಗಿ ಹತ್ತುತ್ತಿದ್ದ ಗಾಡಿ. ಊರಿನದೇ ಒಂದು ಎಂಜಿನ್ ಇಲ್ಲದ ಕಡೆ ನಿಂತು ಈ ವಿಷಯ ನೋಡುವುದರಿಂದ ಒಂದು ಅನುಕೂಲವಿದೆ: ಸೀಟಿಯ ಸದ್ದಿನ ಹಂಬಲ ಅಡ್ಡ ಬರುವುದಿಲ್ಲ. ಆಗ ಕೇಳಬೇಕಾದ ಪ್ರಶ್ನೆ ಸರಳವಾಗುತ್ತದೆ. ಮ್ಯೂಸಿಯಮ್ಮಿನಲ್ಲಿ ನಿಲ್ಲಿಸಿದ ಎಂಜಿನ್ನಿನೊಳಗೆ ಏನು ಉಳಿದಿದೆ? ಅದು ಎಲ್ಲಿಂದ ಬಂತು? ಸಂರಕ್ಷಣೆಯನ್ನೂ ಹಳೆ ಎಂಜಿನ್ನಿನಿಂದ ಬಿಡಿಭಾಗ ಬಿಚ್ಚಿಕೊಳ್ಳುವುದನ್ನೂ ನಾವು ಪುಣ್ಯ–ಪಾಪಗಳಂತೆ ಎದುರುಬದುರು ಇಟ್ಟು ಮಾತಾಡುತ್ತೇವೆ. ಇತಿಹಾಸದಲ್ಲಿ ಇವೆರಡೂ ಒಂದೇ ಲೋಕೋ ಶೆಡ್ಡಿನಲ್ಲಿ, ಅದೇ ಫಿಟ್ಟರುಗಳ ಕೈಯಲ್ಲಿ ನಡೆದ ಕೆಲಸಗಳು. ಕರ್ನಾಟಕದಲ್ಲಿ ಮೊದಲನೆಯದಕ್ಕೆ ಸರ್ಕಾರಿ ಮನ್ನಣೆ ಸಿಕ್ಕಿತು, ಎರಡನೆಯದು ಗುಜರಿಗೆ ಹೋಯಿತು. ನಮ್ಮ ಎಂಜಿನ್ನುಗಳು ನಿಂತಲ್ಲೇ ನಿಂತಿರುವುದಕ್ಕೆ ದೊಡ್ಡ ಕಾರಣ ಇದೇ ಎಂದು ನಾನು ತಿಳಿಯುತ್ತೇನೆ.

ಬಿಡಿಭಾಗದ ಮಾತು ಹಳೆಯದು. ಹುಬ್ಬಳ್ಳಿಯಲ್ಲಿ ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಕಾರ್ಯಾಗಾರ ಕಟ್ಟಿದಾಗಲೂ, ಮೈಸೂರು ಸಂಸ್ಥಾನದ ರೈಲ್ವೆ ಅಶೋಕಪುರಂನಲ್ಲಿ ತನ್ನದೇ ಕಾರ್ಯಾಗಾರ ಮಾಡಿಕೊಂಡಾಗಲೂ ಎಂಜಿನ್ನುಗಳು ಬರುತ್ತಿದ್ದದ್ದು ಹೆಚ್ಚಾಗಿ ಬ್ರಿಟನ್ನಿನಿಂದ. ಒಂದು ಆಕ್ಸಲ್ ಬಾಕ್ಸ್ ಮುರಿದರೆ ಹಡಗಿನ ದಾರಿ ಕಾಯುತ್ತ ಕೂರಲಾಗದು. ದೊಡ್ಡ ಕಾರ್ಯಾಗಾರದಲ್ಲಿ ಫೌಂಡ್ರಿ, ಕಮ್ಮಾರಶಾಲೆ, ಚಕ್ರದ ಲೇತು ಇರುತ್ತಿದ್ದುದು ಅದಕ್ಕೆ. ಜೊತೆಗೆ, ಓಡಲಾರದ ಎಂಜಿನ್ ಒಂದು ಮೂಲೆಯಲ್ಲಿ ನಿಂತಿರುತ್ತಿತ್ತು. ಅದರ ಪಂಪು, ಕವಾಟ, ಚಕ್ರಗಳನ್ನು ಬಿಚ್ಚಿ ಓಡುವ ಎಂಜಿನ್ನಿಗೆ ಹಾಕುತ್ತಿದ್ದರು. ಕಂಡಂ ಆದ, ಅಂದರೆ ಇನ್ನು ಓಡಿಸಲು ಯೋಗ್ಯವಲ್ಲವೆಂದು ತೀರ್ಮಾನವಾದ, ಎಂಜಿನ್ ಸಾಯುವ ಮುನ್ನ ನಾಲ್ಕಾರು ಎಂಜಿನ್ನುಗಳಲ್ಲಿ ಹಂಚಿಹೋಗಿರುತ್ತಿತ್ತು.

ಸ್ವಾತಂತ್ರ್ಯದ ನಂತರ ಈ ಪದ್ಧತಿ ವಿನ್ಯಾಸದೊಳಗೇ ಸೇರಿಕೊಂಡಿತು. ಬ್ರಾಡ್‌ಗೇಜಿನ ಪ್ರಯಾಣಿಕ ಎಂಜಿನ್ ಡಬ್ಲ್ಯುಪಿಗೂ ಸರಕಿನ ಎಂಜಿನ್ ಡಬ್ಲ್ಯುಜಿಗೂ ಬಾಯ್ಲರ್ ಒಂದೇ. ದಕ್ಷಿಣದ ಮೀಟರ್‌ಗೇಜಿನ ಮೇಲೆ ದಶಕಗಟ್ಟಲೆ ದುಡಿದ ವೈಪಿ ಮತ್ತು ವೈಜಿಗಳದೂ ಅದೇ ಲೆಕ್ಕ: ಚದರಂಗುಲಕ್ಕೆ 210 ಪೌಂಡ್ ಒತ್ತಡದ ಒಂದೇ ಬಗೆಯ ಬಾಯ್ಲರ್, ವ್ಯತ್ಯಾಸ ಮುಖ್ಯವಾಗಿ ಕೆಳಗೆ. ವೇಗಕ್ಕೆಂದು ವೈಪಿಗೆ 54 ಅಂಗುಲದ ಚಕ್ರ, ಎಳೆತಕ್ಕೆಂದು ವೈಜಿಗೆ 48 ಅಂಗುಲದ್ದು. 1949ರಿಂದ 1970ರವರೆಗೆ 871 ವೈಪಿಗಳು ತಯಾರಾದವು. ಹೆಚ್ಚಿನವು ಜಮಶೆಡ್‌ಪುರದ ಟೆಲ್ಕೋದಲ್ಲಿ. ವೈಜಿಗಳು ಸಾವಿರಕ್ಕೂ ಮೇಲೆ. ಇಷ್ಟು ಎಂಜಿನ್ನುಗಳ ನಡುವೆ ಬಿಡಿಭಾಗ ಅದಲುಬದಲಾಗಬಲ್ಲದಾದರೆ, ಒಂದೊಂದು ಎಂಜಿನ್ನಿಗೂ ತನ್ನದೇ ಆದ ದೇಹ ಇದೆ ಎನ್ನುವುದೇ ಕಷ್ಟ.

ಇದನ್ನು ಕಣ್ಣಾರೆ ನೋಡಬಹುದು. ಬ್ರಿಟಿಷ್ ಕಾರ್ಯಾಗಾರಗಳ ರೂಢಿಯಂತೆ ಚಕ್ರಗಳನ್ನು ಜೋಡಿಸುವ ಕಪ್ಲಿಂಗ್ ರಾಡು, ಪಿಸ್ಟನ್ನಿನಿಂದ ಚಕ್ರಕ್ಕೆ ಬರುವ ಕನೆಕ್ಟಿಂಗ್ ರಾಡು, ಕವಾಟದ ಚಲನೆಯ ಸಣ್ಣಪುಟ್ಟ ಕೊಂಡಿಗಳ ಮೇಲೆ ಎಂಜಿನ್ನಿನ ನಂಬರನ್ನು ಅಚ್ಚು ಬಡಿಯುತ್ತಿದ್ದರು. ಬಿಚ್ಚಿದ ಭಾಗ ಮತ್ತೆ ಅದೇ ಎಂಜಿನ್ನಿಗೆ ಬರಲಿ ಎಂಬುದು ಉದ್ದೇಶ. ಬಣ್ಣ ಕೆರೆದು ನೋಡಿದರೆ ಎಷ್ಟೋ ಸಲ ಹಳೆಯ ನಂಬರಿನ ಮೇಲೆ ಅಡ್ಡ ಗೀಟು ಹೊಡೆದು ಪಕ್ಕದಲ್ಲಿ ಇನ್ನೊಂದು ನಂಬರು, ಅದರ ಪಕ್ಕ ಮತ್ತೊಂದು ಸಿಗುತ್ತದೆ. ಹೊರಗಿನ ಹಿತ್ತಾಳೆ ಫಲಕದ ಮೇಲಿರುವ ನಂಬರು ಇವ್ಯಾವುದೂ ಅಲ್ಲದಿರಬಹುದು. ಶಾಸನ ಓದುವವರಿಗೆ ಇದು ಪರಿಚಿತ ಸ್ಥಿತಿ: ಒಂದೇ ಕಲ್ಲಿನ ಮೇಲೆ ಬೇರೆ ಬೇರೆ ಕಾಲದ ಬರಹ. ಮ್ಯೂಸಿಯಮ್ಮಿನ ಮಾಹಿತಿ ಫಲಕಗಳು ತಯಾರಕರ ಹೆಸರನ್ನೂ ಇಸವಿಯನ್ನೂ ಬರೆದು ಸುಮ್ಮನಾಗುತ್ತವೆ. ರಾಡುಗಳ ಮೇಲಿನ ಅಚ್ಚುಗಳನ್ನು ಪಟ್ಟಿ ಮಾಡುವುದೇ ಈ ಕ್ಷೇತ್ರದ ಪ್ರಾಥಮಿಕ ಸಂಶೋಧನೆ ಆಗಬೇಕು.

ಭಾರತೀಯ ರೈಲ್ವೆಯಲ್ಲಿ ಸಂರಕ್ಷಣೆಗೆ ಸಂಗ್ರಹಾಲಯದ ರೂಪ ಬಂದದ್ದು ಉಗಿ ಎಂಜಿನ್ನಿನ ತಯಾರಿಕೆ ನಿಂತ ಮೇಲೆ. ಚಿತ್ತರಂಜನ್ ಕಾರ್ಖಾನೆಯಿಂದ ಕೊನೆಯ ಬ್ರಾಡ್‌ಗೇಜ್ ಉಗಿ ಎಂಜಿನ್ ‘ಅಂತಿಮ್ ಸಿತಾರಾ’ 1970ರಲ್ಲಿ ಹೊರಬಂತು. ಮೀಟರ್‌ಗೇಜಿನ ಕೊನೆಯದು 1972ರಲ್ಲಿ. ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯ ತೆರೆದದ್ದು 1977ರಲ್ಲಿ. ಅದಕ್ಕಾಗಿ ದೇಶದ ಶೆಡ್ಡುಗಳನ್ನು ಸುತ್ತಿ ಉಳಿಸಬೇಕಾದ ಎಂಜಿನ್ನುಗಳನ್ನು ಗುರುತಿಸಿದವರಲ್ಲಿ ಮೈಕ್ ಸಾಟೋ ಎಂಬ ಇಂಗ್ಲಿಷರು ಮುಖ್ಯರು. ಎರಡು ವರ್ಷ ಕಳೆದು 1979ರಲ್ಲಿ ಮೈಸೂರಿನ ಸಂಗ್ರಹಾಲಯ ಬಂತು. ಬ್ಯಾಗ್ನಲ್ ಕಂಪನಿ ಕಟ್ಟಿದ ಇಎಸ್ 506 ಅಲ್ಲಿದೆ, 1899ರ ಮಹಾರಾಣಿಯವರ ಸಲೂನ್ ಅಲ್ಲಿದೆ. ನನಗೆ ಇವೆಲ್ಲಕ್ಕಿಂತ ಹೆಚ್ಚು ಹಿಡಿಸುವುದು ಆಸ್ಟಿನ್ ರೈಲುಕಾರು: 1925ರಲ್ಲಿ ರಸ್ತೆಗೆಂದು ತಯಾರಾದ ಕಾರಿಗೆ ಆಮೇಲೆ ರೈಲು ಚಕ್ರ ತೊಡಿಸಿ ಹಳಿಗೆ ಇಳಿಸಿದ್ದು. ಒಂದು ಕೆಲಸಕ್ಕೆ ಮಾಡಿದ್ದನ್ನು ಇನ್ನೊಂದಕ್ಕೆ ಹೊಂದಿಸುವ ಕಾರ್ಯಾಗಾರದ ಬುದ್ಧಿ ಅದರಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ.

ಹುಬ್ಬಳ್ಳಿಗೆ ಸಂಗ್ರಹಾಲಯ ದೊರೆತದ್ದು 2020ರಲ್ಲಿ, ಗದಗ ರಸ್ತೆಯ ಮಲಪ್ರಭಾ, ಘಟಪ್ರಭಾ ಎಂಬ ಎರಡು ಹಳೆಯ ಕಾಟೇಜುಗಳಲ್ಲಿ. ಸಿಂಧನೂರಿನಿಂದ ಹುಬ್ಬಳ್ಳಿಗೆ ಈಗ ನೇರ ರೈಲಿರುವುದರಿಂದ ಈ ಸೀಮೆಯ ಶಾಲಾ ಮಕ್ಕಳಿಗೆ ಅದೇ ಹತ್ತಿರದ್ದು.

ನಿಲ್ಲಿಸಿಟ್ಟ ಎಂಜಿನ್ನಿಗೂ ಓಡಿಸಬಲ್ಲ ಎಂಜಿನ್ನಿಗೂ ನಡುವಿನ ದೂರ ಇರುವುದು ಹೊರಗೆ ಕಾಣದ ಸಾಮಾನುಗಳಲ್ಲಿ. ಫೈರ್‌ಬಾಕ್ಸಿನ ನೆತ್ತಿಯಲ್ಲಿ ಕೂರುವ ಫ್ಯೂಸಿಬಲ್ ಪ್ಲಗ್ಗನ್ನೇ ನೋಡಿ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ, ಮರೆ ಕೊರೆದ ಕಂಚಿನ ತುಂಡು. ನಡುವೆ ಆರಪಾರ ತೂತು, ಆ ತೂತಿನ ತುಂಬ ಸೀಸ. ನೆತ್ತಿಯ ಮೇಲೆ ನೀರು ಇರುವತನಕ ಸೀಸ ಕರಗದು. ನೀರು ಇಳಿದು ತಗಡು ಬರಿದಾದರೆ ಸೀಸ ಕರಗಿ ಉಗಿ ಬೆಂಕಿಯ ಮೇಲೆ ಬುಸುಗುಟ್ಟುತ್ತದೆ, ಫೈರ್‌ಮನ್ ಎಚ್ಚೆತ್ತುಕೊಳ್ಳುತ್ತಾನೆ. ಇದನ್ನು ಕಾಲಕಾಲಕ್ಕೆ ಬಿಚ್ಚಿ ಹೊಸದು ಹಾಕಲೇಬೇಕು. ಬಾಯ್ಲರಿಗೆ ನೀರೂಡುವ ಇಂಜೆಕ್ಟರು, ಸಿಲಿಂಡರಿಗೆ ಎಣ್ಣೆ ಬಿಡುವ ಲೂಬ್ರಿಕೇಟರು, ನೀರುಮಟ್ಟದ ಗಾಜು, ಗನ್‌ಮೆಟಲ್ ಬೇರಿಂಗು ಇವೂ ಇಂಥವೇ. ಗಾಜೊಂದನ್ನು ಬಿಟ್ಟರೆ ಹೆಚ್ಚಿನವು ಕಂಚು, ಹಿತ್ತಾಳೆ, ತಾಮ್ರ, ಸೀಸ. ಅಂದರೆ ಗುಜರಿಯವರು ತೂಕಕ್ಕೆ ಒಳ್ಳೆಯ ದುಡ್ಡು ಕೊಡುವ ಲೋಹಗಳು. 1855ರ ‘ಫೇರಿ ಕ್ವೀನ್’ ಓಡುತ್ತಿರುವ ಜಗತ್ತಿನ ಅತಿ ಹಳೆಯ ಎಂಜಿನ್ನೆಂದು ಗಿನ್ನೆಸ್ ದಾಖಲೆ ಸೇರಿತ್ತು. 2011ರಲ್ಲಿ ಅದರ ಲೂಬ್ರಿಕೇಟರ್ ಮುಂತಾದ ಭಾಗಗಳೇ ಕಳವಾದವು. ಚೆನ್ನೈನ ಪೆರಂಬೂರಿನಲ್ಲಿ ದುರಸ್ತಿಯಾಗಿ ಮತ್ತೆ ಓಡಲು 2017 ಬರಬೇಕಾಯಿತು. ಅಂಥ ಹೆಸರಾಂತ ಎಂಜಿನ್ನಿಗೇ ಈ ಗತಿಯಾದರೆ, ನಿಲ್ದಾಣದ ಎದುರು ಕಟ್ಟೆ ಕಟ್ಟಿ ನಿಲ್ಲಿಸಿ ವರ್ಷಕ್ಕೊಮ್ಮೆ ಬಣ್ಣ ಬಳಿಯುವ ಎಂಜಿನ್ನಿನ ಕ್ಯಾಬಿನಲ್ಲಿ ಏನಿದ್ದೀತು?

ಹೊರದೇಶದಲ್ಲಿ ಬಿಡಿಭಾಗದ ಪ್ರಶ್ನೆ ಬಹಿರಂಗ ಜಗಳವೇ ಆಗಿದೆ. ವೇಲ್ಸಿನ ಬ್ಯಾರಿಯಲ್ಲಿ ವುಡ್‌ಹ್ಯಾಮ್ ಎಂಬವರ ಗುಜರಿ ಅಂಗಳಕ್ಕೆ ಬ್ರಿಟಿಷ್ ರೈಲ್ವೆ 297 ಎಂಜಿನ್ನುಗಳನ್ನು ಮಾರಿತ್ತು. ಅವುಗಳಲ್ಲಿ 213 ಎಂಜಿನ್ನುಗಳನ್ನು ಹವ್ಯಾಸಿಗಳು ಕೊಂಡು ಬಿಡಿಸಿಕೊಂಡರು. ಮೊದಲು ಬಂದವರು ತಮ್ಮ ಎಂಜಿನ್ನಿಗೆ ಬೇಕಾದ್ದನ್ನು ಪಕ್ಕದವುಗಳಿಂದ ಬಿಚ್ಚಿಕೊಂಡು ಹೋದರು. ಕೊನೆಗೆ ಬಂದವರಿಗೆ ಅಸ್ಥಿಪಂಜರ ಸಿಕ್ಕಿತು. ಕೊನೆಯಲ್ಲಿ ಉಳಿದ ಹತ್ತನ್ನು ವೇಲ್ಸಿನ ಮ್ಯೂಸಿಯಮ್ಮಿಗೆಂದು ಎತ್ತಿಟ್ಟರು, ಮ್ಯೂಸಿಯಮ್ಮು ಆಗಲಿಲ್ಲ. ಆಗ ಆ ಹತ್ತರಲ್ಲೊಂದಾದ ‘ವಿಲಿಂಗ್‌ಟನ್ ಹಾಲ್’ ಎಂಬ ಎಂಜಿನ್ನಿನ ಬಾಯ್ಲರ್ ಒಂದು ಹೊಸ ಎಂಜಿನ್ನಿಗೂ ಚಾಸಿ ಇನ್ನೊಂದಕ್ಕೂ ಹೋದವು. ಆ ಇನ್ನೊಂದಕ್ಕೆ ಬಾಯ್ಲರ್ ಕೊಟ್ಟದ್ದು 48518 ನಂಬರಿನ ಸರಕಿನ ಎಂಜಿನ್. ಒಂದೂ ಉಳಿಯದೆ ನಾಶವಾಗಿದ್ದ ಎರಡು ಬಗೆಯ ಎಂಜಿನ್ನುಗಳನ್ನು ಮರಳಿ ಕಟ್ಟಲು ಹಳೆಯ ಎರಡನ್ನು ಕಳಚಿದ್ದು ಸರಿಯೇ ಎಂಬ ವಾದ ಅಲ್ಲಿ ಇನ್ನೂ ತಣ್ಣಗಾಗಿಲ್ಲ. ನನ್ನ ಮತ ಕೇಳಿದರೆ ಸರಿ. ಆದರೆ ಬಿಚ್ಚುವ ಮೊದಲು ಪ್ರತಿ ಭಾಗದ ಅಳತೆ, ಅಚ್ಚು, ಸವೆತದ ದಾಖಲೆ ಆಗಿರಬೇಕು; ಅಷ್ಟಾಗದಿದ್ದರೆ ಅದು ಬರೀ ಗುಜರಿ ಕೆಲಸ.

ನಮ್ಮ ದೇಶದಲ್ಲಿ ಹರಿಯಾಣದ ರೇವಾಡಿ ಶೆಡ್ಡು ಜೀವಂತ ಎಂಜಿನ್ನುಗಳನ್ನು ಇಟ್ಟುಕೊಂಡಿದೆ. ಚಿತ್ತರಂಜನ್‌ನಲ್ಲಿ 1965ರಲ್ಲಿ ತಯಾರಾದ ಡಬ್ಲ್ಯುಪಿ 7161 ‘ಅಕ್ಬರ್’ ಅಲ್ಲಿನದು. ನೀಲಗಿರಿ ಬೆಟ್ಟದ ರೈಲ್ವೆಯವರು ಬೇರೆ ದಾರಿ ಹಿಡಿದರು. ಸ್ವಿಟ್ಜರ್ಲೆಂಡಿನ ವಿಂಟರ್‌ಟೂರಿನಿಂದ ಬಂದ ಎಕ್ಸ್ ವರ್ಗದ ಎಂಜಿನ್ನುಗಳು ಸವೆದಾಗ, ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕುವಷ್ಟು ಸಂಖ್ಯೆಯೇ ಇರಲಿಲ್ಲ. ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರ ಹಳೆಯ ಮಾದರಿಯ ಮೇಲೆ ಹೊಸ ಎಂಜಿನ್ನುಗಳನ್ನೇ ಕಟ್ಟಿತು. ಎಣ್ಣೆ ಉರಿಸುವ ಮೊದಲನೆಯದು 2011ರಲ್ಲಿ ಸಿದ್ಧವಾಯಿತು. ಅಲ್ಲಿ ರೈಲು ದಿನವೂ ಓಡಬೇಕಿತ್ತು, ಹಳಿ ಇತ್ತು, ಅದಕ್ಕೇ ಕೈಚಳಕವೂ ಉಳಿಯಿತು.

ಕರ್ನಾಟಕದಲ್ಲಿ ಹಳಿಯೇ ಹೋಯಿತು. 1992ರಲ್ಲಿ ಏಕಗೇಜ್ ಯೋಜನೆ ಶುರುವಾದ ಮೇಲೆ ಹುಬ್ಬಳ್ಳಿ, ಗದಗ, ಹೊಸಪೇಟೆ, ಮೈಸೂರುಗಳ ಮೀಟರ್‌ಗೇಜ್ ಒಂದೊಂದಾಗಿ ಬ್ರಾಡ್‌ಗೇಜ್ ಆಯಿತು. ವೈಪಿಗೆ ಬೆಂಕಿ ಹಾಕಿದರೂ ಓಡಿಸಲು ದಾರಿಯಿಲ್ಲ. ಹೀಗಾಗಿ ಶೆಡ್ಡುಗಳಲ್ಲಿ ಗುಡ್ಡೆ ಬಿದ್ದಿದ್ದ ವೈಪಿ, ವೈಜಿಗಳ ಬಿಡಿಭಾಗವನ್ನು ಯಾರಿಗಾಗಿ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ, ಹರಾಜು ನಡೆಯಿತು. ಎಂಜಿನ್ನಿನ ಹೊರಮೈ ಉಳಿಸಿಕೊಂಡು ಒಳಗಿನ ಸಾಮಾನನ್ನು ತೂಕಕ್ಕೆ ಹಾಕಿದ್ದು ಆಡಳಿತದ ದೃಷ್ಟಿಯಿಂದ ಲೆಕ್ಕಕ್ಕೆ ಸರಿಹೋಗುವ ಕೆಲಸವೇ. ಇತಿಹಾಸಕಾರನಿಗೆ ಮಾತ್ರ ಅದು ದಫ್ತರದ ರಟ್ಟು ಇಟ್ಟುಕೊಂಡು ಹಾಳೆ ಕಿತ್ತ ಕೆಲಸ.

ಹಾಗಾದರೆ ಉಗಿಯ ವಿದ್ಯೆ ಈ ನಾಡಿನಲ್ಲಿ ಅಳಿಯಿತೇ? ಇಲ್ಲಿ ಸಿಂಧನೂರಿಗೆ ಮರಳಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಸೀಮೆ ಭತ್ತದ ಕಣಜವಾಯಿತು. ಸಿಂಧನೂರು, ಕಾರಟಗಿ, ಗಂಗಾವತಿಗಳ ರೈಸ್‌ಮಿಲ್ಲುಗಳು ಸ್ಟೀಮ್ ರೈಸ್ ಎಂದು ಮಾರುವ ಅಕ್ಕಿ ಬಾಯ್ಲರಿನ ಉಗಿಯಿಂದಲೇ ಹದವಾದದ್ದು. ಉರುವಲು ಭತ್ತದ ಹೊಟ್ಟು. ಒತ್ತಡ ಸಾಮಾನ್ಯವಾಗಿ ಚದರಂಗುಲಕ್ಕೆ 150 ಪೌಂಡಿನ ಆಸುಪಾಸು, ವೈಪಿಗಿಂತ ಕಡಿಮೆ. ಆದರೆ ನಿಯಮ ಅದೇ ಬಿಗಿಯದು: 1923ರ ಬಾಯ್ಲರ್ ಕಾಯ್ದೆಯಂತೆ, ಈಗ ಅದರ ಜಾಗಕ್ಕೆ ಬಂದಿರುವ 2025ರ ಕಾಯ್ದೆಯಂತೆ ನೋಂದಣಿ, ತಪಾಸಣೆ, ಸರ್ಟಿಫಿಕೇಟ್ ಪಡೆದ ಅಟೆಂಡರ್ ಎಲ್ಲ ಬೇಕು. ಕೊಳವೆ ತೂತುಬಿದ್ದರೆ ಹಳೆಯದನ್ನು ಕತ್ತರಿಸಿ ತೆಗೆದು, ಹೊಸದರ ತುದಿಯನ್ನು ಟ್ಯೂಬ್ ಪ್ಲೇಟಿನ ಕಂಡಿಯಲ್ಲಿ ಎಕ್ಸ್‌ಪ್ಯಾಂಡರ್ ತಿರುಗಿಸಿ ಅಗಲಿಸಿ ಬಿಗಿ ಮಾಡುತ್ತಾರೆ. ಲೋಕೋ ಶೆಡ್ಡಿನ ಬಾಯ್ಲರ್‌ಮೇಕರ್ ಮಾಡುತ್ತಿದ್ದುದೂ ಇದನ್ನೇ. ಮುಚ್ಚಿದ ಮಿಲ್ಲಿನ ಕವಾಟ, ಪಂಪು, ಗೇಜುಗಳು ಇನ್ನೊಂದು ಮಿಲ್ಲಿಗೆ ಹೋಗುವುದೂ ಇಲ್ಲಿ ದಿನಬಳಕೆಯ ಮಾತು.

ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಿಗೆ ಸಂರಕ್ಷಣೆಯ ಪರಂಪರೆ ಹೊಸದಲ್ಲ. ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಬಂಡೆ ಶಾಸನವನ್ನು 1915ರಲ್ಲಿ ಕಂಡದ್ದು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್, ಶಾಸನ ಇದ್ದಲ್ಲೇ ಉಳಿಯಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿ ಇಂದಿಗೂ ನಡೆಯುತ್ತಿರುವುದರಿಂದ ಅಲ್ಲಿ ಯಂತ್ರ ಬಿಚ್ಚಿ ಜೋಡಿಸುವ ಕಸುಬಿಗೆ ಕೊರತೆಯಿಲ್ಲ. ಸಿಂಧನೂರಿನ ಹೊಸ ನಿಲ್ದಾಣದ ಮುಂದೆ ಎಲ್ಲಿಂದಲೋ ತಂದ ಉಗಿ ಎಂಜಿನ್ ನಿಲ್ಲಿಸಬೇಕೆಂದು ಯಾರಾದರೂ ಹೊರಟರೆ ನಾನು ಬೇಡ ಎನ್ನುತ್ತೇನೆ. ಈ ಊರಿನ ಹಳಿಯ ಮೇಲೆ ಅದು ಎಂದೂ ಓಡಿಲ್ಲ. ಮೈಸೂರು, ಹುಬ್ಬಳ್ಳಿಗಳಲ್ಲಿರುವ ಎಂಜಿನ್ನುಗಳ ಒಳಗಿನ ಸಾಮಾನಿನ ಪಟ್ಟಿ ಮಾಡಲು ಒಂದು ತಂಡ ಕಟ್ಟುವುದಾದರೆ, ಅದರಲ್ಲಿ ರೈಲ್ವೆಯ ನಿವೃತ್ತ ಫಿಟ್ಟರುಗಳ ಜೊತೆ ಕಾರಟಗಿ ರಸ್ತೆಯ ಮಿಲ್ಲಿನ ಬಾಯ್ಲರ್ ಅಟೆಂಡರುಗಳೂ ಇರಲಿ. ಯಾವ ಕವಾಟ ಅಸಲಿ, ಯಾವುದು ಆಮೇಲೆ ಕೂರಿಸಿದ್ದು ಎಂದು ಕೈಯಿಟ್ಟು ಹೇಳಬಲ್ಲವರು ಅವರು.